ಪರದೆಯ ಮೂಲೆಯ ಬೊಟ್ಟು

ಮತ್ತೆ ಅದೇ ಕೆಂಪು ಅಕ್ಷರ. ಸುರಕ್ಷಿತ ಸಂಪರ್ಕ ಸಾಧ್ಯವಾಗಲಿಲ್ಲ, ಎದುರಿನ ಸರ್ಟಿಫಿಕೇಟನ್ನು ನಂಬಲಾಗುವುದಿಲ್ಲ.

ನಾನು ಕುರ್ಚಿಗೆ ಒರಗಿದೆ. ಅದು ಸ್ವರೂಪನ ಕುರ್ಚಿ. ಬೆನ್ನಿಗೆ ಎಷ್ಟು ಹಿತವಾಗಿತ್ತೆಂದರೆ ಅದಕ್ಕೂ ನನಗೆ ಸಿಟ್ಟು ಬಂತು. ಸರಸ್ವತಿಪುರಂನ ಟ್ಯುಟೋರಿಯಲ್ಲೊಂದರ ಮಹಡಿಯ ಮೇಲೆ ‘ವಿಜಯ್‌ಕುಮಾರ್, ಖಾಸಗಿ ಪತ್ತೇದಾರ, ಕಂಪ್ಯೂಟರ್ ಅಪರಾಧಗಳು’ ಎಂಬ ಬೋರ್ಡು ಹಾಕಿಕೊಂಡು ಕೂತಿರುವ ನನ್ನ ಕುರ್ಚಿಗೆ ಒಂದು ಚಕ್ರವೇ ಇಲ್ಲ.

ವಿಷಯ ಇಷ್ಟು. ಅಂಬುಜಮ್ಮನವರ ಅಗರಬತ್ತಿ ಕಂಪನಿಯ ಹೊಸ ಕೆಂಡಸಂಪಿಗೆ ಪರಿಮಳದ ಪಾಕವನ್ನು, ಅಂದರೆ ಅದನ್ನು ಬೆರೆಸುವ ಗುಟ್ಟಿನ ಲೆಕ್ಕವನ್ನು, ಆಯುಧಪೂಜೆಯ ದಿನ ಮಧ್ಯಾಹ್ನ ಯಾರೋ ಕಂಪನಿಯ ಕಂಪ್ಯೂಟರ್ ವಿಭಾಗದ ಸ್ವರೂಪನ ಹೆಸರಿನಲ್ಲಿ ಕ್ಲೌಡಿನಿಂದ ಇಳಿಸಿಕೊಂಡಿದ್ದರು; ರಜೆ ಮುಗಿಸಿ ಇವತ್ತು ಬಾಗಿಲು ತೆಗೆದರೆ ಸ್ವರೂಪನ ಕಂಪ್ಯೂಟರು ಕ್ಲೌಡಿಗೆ ಕನೆಕ್ಟೇ ಆಗುತ್ತಿರಲಿಲ್ಲ. ಕದ್ದವನು ಜಾಡು ಮುಚ್ಚಲು ತನ್ನ ಮಿಷನ್ನನ್ನು ತಾನೇ ಕೆಡಿಸಿಟ್ಟಿದ್ದಾನೆ ಎಂದು ಅಂಬುಜಮ್ಮನವರು ತೀರ್ಮಾನಿಸಿಬಿಟ್ಟಿದ್ದರು. ಸಂಜೆ ಸೈರನ್ ಕೂಗುವವರೆಗೆ ನನಗೆ ಸಮಯ. ಆಮೇಲೆ ಪೊಲೀಸ್ ಸ್ಟೇಷನ್ನಿಗೆ ಫೋನು.

ಒಳಗಿನ ಮಾತು ಹೇಳಿಬಿಡುತ್ತೇನೆ. ಸ್ವರೂಪನೇ ಕಳ್ಳನಾಗಿರಲಿ ಎಂದು ನನಗೆ ಆಸೆಯಿತ್ತು. ಬೆಳಿಗ್ಗೆ ಬೋಗಾದಿಯ ಮನೆಯಿಂದ ಸ್ಕೂಟರಿನಲ್ಲಿ ಬರುವಾಗ ಬೆಟ್ಟದ ಕಡೆ ಮುಖ ಮಾಡಿ ತಾಯಿ ಚಾಮುಂಡಿಗೆ ಒಂದು ಈಡುಗಾಯಿಯನ್ನೂ ಹರಸಿಕೊಂಡಿದ್ದೆ.

ಏಕೆಂದರೆ ನನ್ನ ಹೆಂಡತಿ ಸೌಮ್ಯಶ್ರೀ ಇದೇ ಆಫೀಸಿನಲ್ಲಿ, ಇದೇ ಸ್ವರೂಪನ ಕೈಕೆಳಗೆ, ಇದೇ ಮೇಜಿನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಾಳೆ. ಮನೆಯಲ್ಲಿ ಊಟಕ್ಕೆ ಕೂತರೆ ತಟ್ಟೆಗೆ ಸಾರು ಬೀಳುವ ಮುಂಚೆ ಸ್ವರೂಪ ಬೀಳುತ್ತಾನೆ. ಸ್ವರೂಪ್ ಹೀಗಂದ್ರು, ಸ್ವರೂಪ್ ಹಾಗೆ ಮಾಡಿದ್ರು, ಸ್ವರೂಪ್‌ಗೆ ಸಿಟ್ಟೇ ಬರಲ್ಲ ಗೊತ್ತಾ. ಸಿಟ್ಟು ಬರುವುದು ಯಾರಿಗೆ ಎಂದು ಅವಳು ಒಂದು ದಿನವೂ ಕೇಳಿಲ್ಲ.

ಈ ಕೇಸು ನನಗೆ ಕೊಡಿಸಿದವಳೂ ಅವಳೇ. ಮೈ ಸರಿಯಿಲ್ಲವೆಂದು ತಾನು ರಜೆ ಹಾಕಿದಳು, ಅಂಬುಜಮ್ಮನವರಿಗೆ ಫೋನು ಮಾಡಿ ನಮ್ಮೆಜಮಾನ್ರನ್ನ ಕಳಿಸ್ತೀನಿ ಅಂದಳು. ನಾನು ಶೂ ಹಾಕಿಕೊಳ್ಳುವಾಗ ಬಾಗಿಲಿಗೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

“ಸ್ವರೂಪ್ ಅಂಥೋರಲ್ಲ ಕಣ್ರೀ. ನೀವೇ ಹೋಗಿ ನೋಡಿ. ನೀವು ನೋಡಿದ್ರೆ ನಿಜ ಏನೂಂತ ಗೊತ್ತಾಗತ್ತೆ,” ಎಂದಳು.

ನನಗೆ ಜ್ವರ ಬಂದು ಮಲಗಿದಾಗಲೂ ಆ ಕಣ್ಣು ಅಷ್ಟು ಕೆಂಪಾಗಿರಲಿಲ್ಲ. ಸಾಲದ್ದಕ್ಕೆ ಕೈಗೆ ಎರಡು ಡಬ್ಬಿ ಬಿಸಿಬೇಳೆ ಬಾತು ಕೊಟ್ಟಳು, ಒಂದು ನನಗೆ, ಒಂದು ಅವನಿಗೆ. ಪಾಪ, ಬೆಳಿಗ್ಗೆಯಿಂದ ಏನೂ ತಿಂದಿರಲ್ಲವಂತೆ. ಎರಡೂ ಡಬ್ಬಿ ತೆರೆದು ನೋಡಿದೆ. ಅವನ ಡಬ್ಬಿಯಲ್ಲಿ ಗೋಡಂಬಿ ಜಾಸ್ತಿ ಇತ್ತು. ಎರಡನ್ನೂ ನಾನೇ ತಿಂದೆ.

ಸರಿ, ಕೆಲಸಕ್ಕೆ ಬರೋಣ.

ಕಂಪ್ಯೂಟರಿನಿಂದ ಕ್ಲೌಡಿನ ಡೇಟಾಬೇಸಿಗೆ ಹೋಗುವುದು ದೂರದ ನೆಂಟರ ಮನೆಗೆ ಹೋದ ಹಾಗೆ. ಮೊದಲು ಮನೆ ಎಲ್ಲಿದೆ ಅಂತ ಸಿಗಬೇಕು. ಆಮೇಲೆ ಗೇಟು ತೆರೆಯಬೇಕು. ಮೂರನೆಯದಾಗಿ, ಬಾಗಿಲಲ್ಲಿ ನಿಂತಿರುವವರು ನಿಜವಾಗಿ ನಮ್ಮ ನೆಂಟರೇ ಹೌದೋ ಎಂದು ನಾವು ಅವರ ಸರ್ಟಿಫಿಕೇಟು ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಅದಾದ ಮೇಲೆ ಅವರು ನಮ್ಮನ್ನು ಯಾರಪ್ಪಾ ನೀನು ಎಂದು ಕೇಳುತ್ತಾರೆ. ಆಗ ಹೆಸರು, ಪಾಸ್‌ವರ್ಡು. ಅಂಬುಜಮ್ಮನವರ ಕಂಪನಿಯಲ್ಲಿ ಅದರ ಮೇಲೊಂದು ಬೀಗವೂ ಇತ್ತು. ಪಾಸ್‌ವರ್ಡು ಕೊಟ್ಟ ಕೂಡಲೇ ಆ ಹೆಸರಿನವರ ಫೋನಿಗೆ ‘ಒಳಗೆ ಬರುತ್ತಿರುವುದು ನೀವೇನಾ?’ ಎಂಬ ಪ್ರಶ್ನೆ ಬರುತ್ತದೆ, ಹೌದು ಎಂದು ಒತ್ತಬೇಕು. ಬರುವವರು ಎಲ್ಲಿಂದ ಬರುತ್ತಿದ್ದಾರೆ ಎಂಬುದನ್ನೂ ನೋಡುತ್ತಾರೆ. ಆಫೀಸಿನ ಇಂಟರ್ನೆಟ್ ವಿಳಾಸ, ಇಲ್ಲವೇ ಮನೆಯಿಂದ ಕೆಲಸ ಮಾಡಲು ಅನುಮತಿ ಪಡೆದವರ ಮನೆಯ ವಿಳಾಸ, ಬೇರೆ ಕಡೆಯಿಂದ ಬಂದರೆ ಒಳಗೆ ಬಿಡುವುದಿಲ್ಲ.

ಎಲ್ಲಿ ಎಡವಿದರೆ ಯಾವ ಎರರ್ ಬರುತ್ತದೆ ಎಂಬುದೇ ನನ್ನ ಕಸುಬಿನ ಅರ್ಧ. ಪಾಸ್‌ವರ್ಡು ತಪ್ಪಾದರೆ ಪಾಸ್‌ವರ್ಡು ತಪ್ಪು ಎನ್ನುತ್ತದೆ. ವಿಳಾಸಕ್ಕೆ ಅನುಮತಿಯಿಲ್ಲದಿದ್ದರೆ ಹಾಗೆಂದೇ ಹೇಳುತ್ತದೆ. ಇಲ್ಲಿ ಅವೆರಡೂ ಅಲ್ಲ. ಮನೆ ಸಿಕ್ಕಿತ್ತು, ಗೇಟು ತೆರೆದಿತ್ತು. ಬಾಗಿಲಲ್ಲಿ ನಿಂತ ನೆಂಟರನ್ನು ನೀವು ಯಾರೋ ನನಗೆ ಗೊತ್ತಿಲ್ಲ ಎಂದು ವಾಪಸ್ಸು ಬರುತ್ತಿದ್ದದ್ದು ಸ್ವರೂಪನ ಕಂಪ್ಯೂಟರೇ.

ಆಫೀಸಿನ ಲೈನು ಕಿತ್ತು ನನ್ನ ಮೊಬೈಲಿನ ಇಂಟರ್ನೆಟ್ಟು ಕೊಟ್ಟೆ. ಅದೇ ಎರರ್. ಕನೆಕ್ಷನ್ನಿನ ಡ್ರೈವರ್ ಸಾಫ್ಟ್‌ವೇರನ್ನು ತೆಗೆದು ಹೊಸದಾಗಿ ಹಾಕಿದೆ. ಅದೇ ಎರರ್. ಅದೊಂದೇ ಅಲ್ಲ, ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪುಟ ತೆರೆದರೂ ಅದೇ ಅಪನಂಬಿಕೆ. ಪಕ್ಕದ ಸೌಮ್ಯಳ ಮೇಜಿನಿಂದ ಎಲ್ಲವೂ ಸಲೀಸಾಗಿ ತೆರೆಯುತ್ತಿತ್ತು.

ಅಲ್ಲಿಗೆ ಕೆಟ್ಟಿರುವುದು ಈ ಮಿಷನ್ನೇ. ಸರ್ಟಿಫಿಕೇಟುಗಳ ಜೊತೆ ಸ್ವರೂಪ ಏನೋ ಆಟ ಆಡಿದ್ದಾನೆ ಎಂದು ಬರೆದುಕೊಟ್ಟು ಎದ್ದು ಹೋಗಬಹುದಿತ್ತು. ಹೊಟ್ಟೆಯೊಳಗಿನ ಬೆಂಕಿ ಏಳು, ಏಳು, ಸಾಕು ಎನ್ನುತ್ತಿತ್ತು.

ಏಳುವಾಗ ಆ ಬೊಟ್ಟು ಕಣ್ಣಿಗೆ ಬಿತ್ತು.

ಆಯುಧಪೂಜೆಗೆ ಆಫೀಸಿನ ಎಲ್ಲಾ ಕಂಪ್ಯೂಟರುಗಳಿಗೂ ಕುಂಕುಮ ಇಟ್ಟಿದ್ದರು. ಉಳಿದವಕ್ಕೆಲ್ಲ ನೆತ್ತಿಯ ಮೇಲೆ ಮೂರು ಗೆರೆ ವಿಭೂತಿ, ನಡುವೆ ಒರಟಾಗಿ ಒಂದು ಬೊಟ್ಟು. ಸ್ವರೂಪನ ಪರದೆಗೆ ಮಾತ್ರ ಕೆಳಗಡೆ ಬಲಮೂಲೆಯಲ್ಲಿ ಗಂಧವನ್ನು ಅಗಲವಾಗಿ ತಟ್ಟಿ ಅದರ ಮೇಲೆ ದುಂಡಗೆ ಕುಂಕುಮ. ಬಲಮೂಲೆ, ಗಂಧ, ಉಂಗುರದ ಬೆರಳು. ನಮ್ಮ ಮನೆಯ ಫ್ರಿಜ್ಜಿಗೆ ಅದೇ, ಮಿಕ್ಸಿಗೆ ಅದೇ, ನನ್ನ ಸ್ಕೂಟರಿಗೂ ಅದೇ.

ಅದು ನನ್ನ ಹೆಂಡತಿಯ ಕೈ.

ಆಯುಧಪೂಜೆಯ ದಿನ ಸರಸ್ವತಿಪುರಂಗೆ ಬಂದು ನನ್ನ ಕಂಪ್ಯೂಟರಿಗೂ ಒಂದು ಬೊಟ್ಟು ಇಡು ಎಂದು ಕರೆದಿದ್ದೆ. ಬೆಳಿಗ್ಗೆ ಕಂಪನಿಯ ಪೂಜೆ ಇದೆ, ಮಧ್ಯಾಹ್ನ ಮಂಡಕಳ್ಳಿಗೆ ಅಮ್ಮನ ಮನೆಗೆ ಹೋಗಬೇಕು, ನೀವೇ ಇಟ್ಟುಕೊಳ್ಳಿ ಅಂದಿದ್ದಳು. ನಾನೇ ಇಟ್ಟುಕೊಂಡಿದ್ದೆ. ಅದು ಸೊಟ್ಟಗಾಗಿತ್ತು.

ನನಗೆ ಏನಾಯಿತೋ ಗೊತ್ತಿಲ್ಲ. ಕರ್ಚೀಫು ತೆಗೆದು ಆ ಬೊಟ್ಟನ್ನು ಒರೆಸಿಬಿಟ್ಟೆ. ಒಣಗಿದ ಗಂಧ ಸುಲಭಕ್ಕೆ ಬಿಡಲಿಲ್ಲ, ಉಗುರಿನಿಂದ ಕೆರೆದು ಕೆರೆದು ತೆಗೆದೆ. ಪತ್ತೇದಾರಿಕೆಯೂ ಅಲ್ಲ, ಮಣ್ಣೂ ಅಲ್ಲ. ಬರೀ ಹೊಟ್ಟೆಕಿಚ್ಚು.

ಹಿಂದಿನಿಂದ ಯಾರೋ ಅಯ್ಯಯ್ಯೋ ಎಂದರು. ಆಫೀಸಿನ ಉಸ್ತುವಾರಿ ನೋಡಿಕೊಳ್ಳುವ ಸಿದ್ದಪ್ಪಾಜಿ, ಕೈಯಲ್ಲಿ ನನಗೆಂದು ತಂದ ಕಾಫಿ ಲೋಟ.

“ಪೂಜೆ ಕುಂಕುಮ ಅಳ್ಸ್‌ಬುಟ್ರಲ್ಲ ಸಾರ್,” ಎಂದರು. “ತಾನಾಗಿ ಉದುರೋವರ್ಗೂ ನಾವ್ಯಾರೂ ಮುಟ್ಟಲ್ಲ. ಅಮ್ಮೋರು ನೋಡುದ್ರೆ ಎಂಗೆ?”

ನಾನು ಬೊಟ್ಟಿದ್ದ ಜಾಗವನ್ನೇ ನೋಡುತ್ತಿದ್ದೆ. ಪರದೆಯ ಬಲಮೂಲೆಯಲ್ಲಿ, ಇಷ್ಟು ಹೊತ್ತು ಗಂಧದ ಕೆಳಗೆ ಅಡಗಿದ್ದ ಕಡೆ, ಕಂಪ್ಯೂಟರಿನ ಗಡಿಯಾರ ಮತ್ತು ತಾರೀಖು. ಜನವರಿ ಒಂದು. ಎಷ್ಟೋ ವರ್ಷಗಳ ಹಿಂದಿನ ಜನವರಿ ಒಂದು.

ಬೆಳಿಗ್ಗೆಯಿಂದ ಇಡೀ ಆಫೀಸು ಬಂದು ಈ ಪರದೆಯ ಮುಂದೆ ಬಗ್ಗಿ ನೋಡಿ ಹೋಗಿತ್ತು. ದೇವರ ಕುಂಕುಮ ಎಂದು ಯಾರೂ ಮುಟ್ಟಿರಲಿಲ್ಲ. ಅದನ್ನು ಒರೆಸಲು ನನ್ನಂಥ ಹೊಟ್ಟೆ ಉರಿದ ಗಂಡನೇ ಬೇಕಾಗಿತ್ತು.

ಸಿದ್ದಪ್ಪಾಜಿಯವರನ್ನು ಕೂರಿಸಿಕೊಂಡು ಪೂಜೆ ಹೇಗೆ ಮಾಡಿದಿರಿ ಎಂದು ಕೇಳಿದೆ. ಅಂಬುಜಮ್ಮನವರ ಪದ್ಧತಿಯಂತೆ ಹಬ್ಬದ ಬೆಳಿಗ್ಗೆ ಎಲ್ಲಾ ಕಂಪ್ಯೂಟರುಗಳ ವೈರು ಕಿತ್ತು, ಧೂಳು ಹೊಡೆದು, ಒರೆಸಿ, ಬೊಟ್ಟಿಟ್ಟು, ಚೆಂಡು ಹೂವು ಮುಡಿಸಿ, ಬೂದುಗುಂಬಳಕಾಯಿ ಒಡೆದು ಬೀಗ ಹಾಕುವುದು. ಪೂಜೆಗೆ ಇಟ್ಟ ಆಯುಧವನ್ನು ರಜೆ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಇವತ್ತು ಬೆಳಿಗ್ಗೆ ತಾವೇ ಎಲ್ಲಾ ಪ್ಲಗ್ಗು ಮತ್ತೆ ಹಾಕಿದರಂತೆ.

ಮಿಕ್ಕವಕ್ಕೆಲ್ಲ ನಾನೇ ಬೊಟ್ಟಿಟ್ಟೆ, ಇದೊಂದಕ್ಕೆ ಸೌಮ್ಯ ಮೇಡಂ ತಾವೇ ಇಡುತ್ತೇನೆ ಅಂದರು ಎಂದೂ ಸೇರಿಸಿದರು. ಅದನ್ನು ನಾನು ಕೇಳಿರಲಿಲ್ಲ.

ಕಂಪ್ಯೂಟರಿನೊಳಗೆ ಒಂದು ಸಣ್ಣ ಬಿಲ್ಲೆ ಬ್ಯಾಟರಿ ಇರುತ್ತದೆ. ಪ್ಲಗ್ಗು ಕಿತ್ತಾಗ ಗಡಿಯಾರವನ್ನು ಓಡಿಸುವುದು ಅದೇ. ಆ ಬ್ಯಾಟರಿ ಸತ್ತಿದ್ದರೆ, ಪ್ಲಗ್ಗು ಹಾಕಿರುವಷ್ಟು ದಿನ ಯಾರಿಗೂ ಗೊತ್ತಾಗುವುದಿಲ್ಲ. ಕಿತ್ತ ಕೂಡಲೇ ಗಡಿಯಾರ ಹಿಂದಕ್ಕೆ ಜಾರಿ ಹುಟ್ಟಿದ ತಾರೀಖಿಗೆ ಹೋಗಿ ನಿಲ್ಲುತ್ತದೆ. ಈ ವರ್ಷ ಕೊಟ್ಟ ಸರ್ಟಿಫಿಕೇಟನ್ನು ಹಳೆಯ ಜನವರಿಯಲ್ಲಿ ಕೂತ ಮಿಷನ್ ನಂಬುವುದಾದರೂ ಹೇಗೆ? ಹುಟ್ಟದ ಮಗುವಿನ ಮದುವೆ ಪತ್ರಿಕೆ ತಂದು ತೋರಿಸಿದರೆ ಯಾರು ನಂಬುತ್ತಾರೆ?

ತಾರೀಖು ಸರಿ ಮಾಡಿ ಮತ್ತೆ ಕನೆಕ್ಟ್ ಒತ್ತಿದೆ. ಕೆಂಪು ಅಕ್ಷರ ಬರಲಿಲ್ಲ. ಹೆಸರು, ಪಾಸ್‌ವರ್ಡು ಕೊಡಿ ಎಂದು ಕೇಳುತ್ತಾ ಬಾಗಿಲು ತೆರೆದುಕೊಂಡಿತು.

ಗೆದ್ದ ಖುಷಿ ಎರಡು ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ. ಏಕೆಂದರೆ ಇದರ ಅರ್ಥ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಂಪ್ಯೂಟರು ತಾನು ಎದ್ದ ಮಲಗಿದ ಹೊತ್ತನ್ನು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಅದನ್ನೂ ತೆಗೆದು ನೋಡಿದೆ. ಹಬ್ಬದ ಹಿಂದಿನ ಸಂಜೆ ಮಲಗಿದ ಸಾಲಿನ ಮುಂದಿನದೇ ಇವತ್ತು ಬೆಳಿಗ್ಗೆ ಹಳೆಯ ಜನವರಿಯ ತಾರೀಖಿನಲ್ಲಿ ಎದ್ದ ಸಾಲು, ನಡುವೆ ಒಂದು ಸಲವೂ ಕಣ್ಣು ಬಿಟ್ಟಿರಲಿಲ್ಲ. ಕಳ್ಳತನ ಈ ಮಿಷನ್ನಿನಿಂದ ಆಗಿಲ್ಲ. ಜಾಡು ಮುಚ್ಚಲು ಯಾರೂ ಏನನ್ನೂ ಕೆಡಿಸಿಲ್ಲ. ಸ್ವರೂಪನ ಮೇಲಿದ್ದ ಆರೋಪದ ಅರ್ಧ ಬೊಟ್ಟಿನ ಜೊತೆಗೇ ಒರೆಸಿ ಹೋಗಿತ್ತು.

ತಾರೀಖನ್ನು ವಾಪಸ್ಸು ಹಿಂದಕ್ಕೆ ಇಟ್ಟುಬಿಟ್ಟರೆ? ಸಿದ್ದಪ್ಪಾಜಿ ಲೋಟ ತೆಗೆದುಕೊಂಡು ಹೋಗಿದ್ದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬೆರಳು ಗಡಿಯಾರದ ಮೇಲೆ ಹೋಗಿ ನಿಂತಿತ್ತು.

ಇಡಲಿಲ್ಲ. ಒಳ್ಳೆಯತನ ಅಂತಲ್ಲ. ಮನೆಗೆ ಹೋದರೆ ಸೌಮ್ಯ ಕೇಳುತ್ತಾಳೆ, ಅವಳ ಮುಂದೆ ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ.

ಸ್ವರೂಪನನ್ನು ಕರೆಸಿದೆ. ಪರಿಮಳ ಬೆರೆಸುವ ಕೋಣೆಯಲ್ಲಿ ಬೆಳಿಗ್ಗೆಯಿಂದ ಒಬ್ಬನೇ ಕೂತಿದ್ದನಂತೆ, ಮೈಯೆಲ್ಲ ಸಂಪಿಗೆ ವಾಸನೆ. ಎತ್ತರಕ್ಕಿದ್ದಾನೆ. ತಲೆಯಲ್ಲಿ ಕೂದಲೂ ಇದೆ. ನನ್ನನ್ನು ಕಂಡ ಕೂಡಲೇ ಸೌಮ್ಯ ಮೇಡಂ ಹುಷಾರಾಗಿದ್ದಾರಾ, ನಿಮ್ಮ ಊಟ ಆಯ್ತಾ ಸಾರ್ ಎಂದು ವಿಚಾರಿಸಿದ. ಆಯಿತು ಎಂದೆ, ಯಾರದ್ದು ಎಂದು ಹೇಳಲಿಲ್ಲ.

ಗಡಿಯಾರದ ವಿಷಯ ತಿಳಿಸಿದೆ. ನೀನು ಮಿಷನ್ ಕೆಡಿಸಿಲ್ಲ, ಕಳ್ಳತನ ಇಲ್ಲಿಂದ ಆಗಿಲ್ಲ ಎಂದೆ. ಬೇರೆ ಯಾರಾದರೂ ಆಗಿದ್ದರೆ ಕೈಮುಗಿಯುತ್ತಿದ್ದರು. ಇವನ ಮುಖ ಅರಳುವುದಕ್ಕೆ ಬದಲು ಇನ್ನೂ ಇಳಿಯಿತು.

ನನಗೆ ಅಲ್ಲೇ ಮೊದಲ ಅನುಮಾನ.

ಹಬ್ಬದ ಮಧ್ಯಾಹ್ನ ಎಲ್ಲಿದ್ದೆ ಎಂದು ಕೇಳಿದೆ. ತಂಗಿಯನ್ನು ವಿಮಾನ ಹತ್ತಿಸಲು ಮಂಡಕಳ್ಳಿ ಏರ್‌ಪೋರ್ಟಿಗೆ ಹೋಗಿದ್ದೆ ಎಂದು ಫೋನು ತೆಗೆದು ಫೋಟೋ ತೋರಿಸಿದ. ತಾಯಿ, ತಂಗಿ, ನಡುವೆ ಇವನು, ಹಿಂದೆ ಏರ್‌ಪೋರ್ಟಿನ ಬಾಗಿಲು. ಕ್ಲೌಡಿನಿಂದ ಪಾಕ ಇಳಿದ ಹೊತ್ತಿಗೂ ಫೋಟೋದ ಹೊತ್ತಿಗೂ ಹೆಚ್ಚು ಅಂತರವಿರಲಿಲ್ಲ.

ಮಂಡಕಳ್ಳಿ ಎಂಬ ಮಾತು ಕೇಳಿದ ಮೇಲೆ ನನ್ನ ತಲೆಯಲ್ಲಿ ಕಳ್ಳತನ ಎಲ್ಲಿ ಉಳಿಯಬೇಕು? ಅವತ್ತು ಮಧ್ಯಾಹ್ನ ಮಂಡಕಳ್ಳಿಗೆ ಹೋಗುತ್ತೇನೆ ಅಂದಿದ್ದವಳು ನನ್ನ ಹೆಂಡತಿ. ಫೋಟೋವನ್ನು ದೊಡ್ಡದು ಮಾಡಿ ಹಿಂದೆ ನಿಂತ ಜನರ ಮುಖವನ್ನೆಲ್ಲ ನೋಡಿದೆ. ಯಾವುದೋ ಹಸಿರು ಸೀರೆ ಕಂಡು ಇನ್ನೂ ದೊಡ್ಡದು ಮಾಡಿದೆ. ಅದು ಬೇರೆ ಯಾರೋ.

“ಅಲ್ಲಿ ನನ್ನ ಹೆಂಡತಿ ಸಿಕ್ಕಿದ್ದಳಾ?” ಎಂದು ನೇರವಾಗಿ ಕೇಳಿಬಿಟ್ಟೆ.

ಸ್ವರೂಪ ನಿಜವಾಗಿಯೂ ಬೆರಗಾದ. “ಇಲ್ವಲ್ಲ ಸಾರ್. ಸೌಮ್ಯ ಅವತ್ತು ಮನೇಲೇ ಇದ್ರಲ್ಲ.”

ಹೇಳಿದವನೇ ನಾಲಿಗೆ ಕಚ್ಚಿಕೊಂಡ.

ಬಂದಾಗ ಬಾಯ್ತುಂಬ ಸೌಮ್ಯ ಮೇಡಂ ಅಂದಿದ್ದ. ಈಗ ಮೇಡಂ ಎಲ್ಲಿ ಉದುರಿ ಹೋಯಿತು? ಅವಳು ಮನೆಯಲ್ಲಿದ್ದಳೆಂದು ಗಂಡನಾದ ನನಗೇ ಗೊತ್ತಿಲ್ಲ, ಇವನಿಗೆ ಹೇಗೆ ಗೊತ್ತು? ಆ ಎರಡು ಪ್ರಶ್ನೆಗಳಲ್ಲಿ ಯಾವುದನ್ನು ಮೊದಲು ಕೇಳಬೇಕೆಂದು ತಿಳಿಯದೆ ನಾನು ಮೇಜಿನ ಅಂಚನ್ನು ಹಿಡಿದುಕೊಂಡೆ.

“ನಿಂಗೆ ಹೇಗೆ ಗೊತ್ತು?”

“ಫೋನ್ ಮಾಡಿದ್ರು ಸಾರ್.”

“ಯಾಕೆ?”

ಅವನು ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಹಬ್ಬಕ್ಕೆ ಶುಭಾಶಯ ಹೇಳುವುದಕ್ಕೆ ಅಂದಿದ್ದರೂ ಅರ್ಧ ನಂಬುತ್ತಿದ್ದೆ. ಬಡ್ಡಿಮಗನಿಗೆ ಸುಳ್ಳು ಹೇಳಲೂ ಬರುವುದಿಲ್ಲ. ಸೌಮ್ಯ ಮೆಚ್ಚುವುದು ಇದನ್ನೇ ಇರಬೇಕು ಎಂದುಕೊಂಡೆ, ಅದಕ್ಕೂ ಹೊಟ್ಟೆ ಉರಿಯಿತು.

ಸರಿ, ಬೇರೆ ದಾರಿ ಹಿಡಿದೆ. ಕ್ಲೌಡಿನವರ ಬಳಿ ಯಾರು ಬಂದರು, ಎಲ್ಲಿಂದ ಬಂದರು ಎಂಬ ಪೂರ್ತಿ ದಾಖಲೆ ಇರುತ್ತದೆ. ಬೆಳಿಗ್ಗೆ ಅಂಬುಜಮ್ಮನವರು ಫೋನಿನಲ್ಲಿ ಕೇಳಿದಾಗ ಅವರು ಹೆಸರು ಮತ್ತು ಹೊತ್ತನ್ನಷ್ಟೇ ಹೇಳಿದ್ದರು. ಹೆಸರು ಸ್ವರೂಪನದು ಎಂದು ಕಿವಿಗೆ ಬಿದ್ದ ಮೇಲೆ ನನಗೂ ಬೇರೇನೂ ಬೇಕಾಗಿರಲಿಲ್ಲ. ಈಗ ಬೇಕಾಯಿತು. ಆ ದಾಖಲೆ ನೋಡುವ ಅಧಿಕಾರ ಸ್ವರೂಪನ ಹೆಸರಿಗಿದೆ. ಒಳಗೆ ಹೋಗು ಎಂದೆ.

ಅವನು ನಿಂತುಕೊಂಡೇ ಪಾಸ್‌ವರ್ಡು ಹೊಡೆದ. ಕೈಯಲ್ಲಿದ್ದ ಫೋನು ಗುರ್ರೆಂದಿತು: ಒಳಗೆ ಬರುತ್ತಿರುವುದು ನೀವೇನಾ? ಅವನು ಅತ್ತ ನೋಡಲೂ ಇಲ್ಲ. ಹೆಬ್ಬೆರಳು ತಾನಾಗಿ ಹೋಗಿ ಹೌದು ಎಂಬುದನ್ನು ಒತ್ತಿತು.

ನನಗೆ ಅದನ್ನು ನೋಡಿಯೇ ಹೊಳೆಯಿತು. ಅವತ್ತು ಮಧ್ಯಾಹ್ನವೂ ಈ ಫೋನು ಗುರ್ರೆಂದಿರಲೇಬೇಕು. ಏರ್‌ಪೋರ್ಟಿನ ಬಾಗಿಲಲ್ಲಿ ನಿಂತವನ ಕೈಯಲ್ಲಿ ಫೋನು, ಕ್ಲೌಡಿನೊಳಗೆ ಅವನ ಹೆಸರು. ಇವನು ಹೌದು ಎಂದು ಒತ್ತದೆ ಯಾರೂ ಒಳಗೆ ಹೋಗುವಂತಿರಲಿಲ್ಲ.

“ಅವತ್ತು ನೀನೇ ಒತ್ತಿದ್ದು,” ಎಂದೆ. “ಯಾರೋ ಫೋನ್ ಮಾಡಿ ಕೇಳಿದ್ರು, ನೀನು ಒತ್ತಿದೆ.”

ಅವನು ಕುರ್ಚಿಯಲ್ಲಿ ಕೂತ. ಆಮೇಲೆ ನಿಧಾನಕ್ಕೆ ಹೇಳಿದ್ದು ಇಷ್ಟು: ಆಫೀಸಿನಲ್ಲಿ ಅವರಿಬ್ಬರೂ ಎಷ್ಟೋ ಸಲ ಒಂದೇ ಹೆಸರಿನಲ್ಲಿ ಕೆಲಸ ಮಾಡುವುದುಂಟು, ತಪ್ಪೇ, ಆದರೆ ಕೆಲಸ ಬೇಗ ಮುಗಿಯುತ್ತದೆ. ಪಾಸ್‌ವರ್ಡು ಇಬ್ಬರಿಗೂ ಗೊತ್ತು. ಅವತ್ತು ಅವರು ಒಂದು ಸಲ ಹೌದು ಅನ್ನಿ ಎಂದರು, ಇವನು ಅಂದ. ಏಕೆ ಎಂದು ಕೇಳಲಿಲ್ಲ.

ಅವರು ಯಾರೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಕೆ ಎಂದು ಕೇಳಲಿಲ್ಲವಂತೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಏಕೆ ಎಂದು ಕೇಳದೆ ಅವಳಿಗೆ ಒಂದು ಸಲವಾದರೂ ಹೌದು ಅಂದಿದ್ದೇನೆಯೇ? ನೆನಪಿಗೆ ಬರಲಿಲ್ಲ.

ಅಷ್ಟರಲ್ಲಿ ದಾಖಲೆ ಪರದೆಯ ಮೇಲೆ ಬಂದಿತ್ತು. ಹಬ್ಬದ ಮಧ್ಯಾಹ್ನದ ಸಾಲಿನ ಮೇಲೆ ಬೆರಳಿಟ್ಟೆ. ಹೆಸರು, ಸ್ವರೂಪ. ಹೊತ್ತು, ಸರಿಯಾಗಿತ್ತು. ಅದರ ಮುಂದೆ ಬಂದವರ ಇಂಟರ್ನೆಟ್ ವಿಳಾಸದ ಅಂಕಿಗಳು.

ಆ ಅಂಕಿಗಳು ನನಗೆ ಬಾಯಿಪಾಠ. ನನ್ನ ಕಸುಬಿಗೆ ಬೇಕೆಂದು ಮನೆಗೆ ಬದಲಾಗದ ವಿಳಾಸವೇ ಬೇಕು ಎಂದು ಇಂಟರ್ನೆಟ್ಟಿನವರ ಜೊತೆ ಜಗಳವಾಡಿ ಹಾಕಿಸಿಕೊಂಡವನು ನಾನೇ. ಬೋಗಾದಿಯಲ್ಲಿ, ಹಾಲ್‌ನಲ್ಲಿ ಟಿವಿ ಪಕ್ಕದ ಇಂಟರ್ನೆಟ್ ಡಬ್ಬಿಯ ಮೇಲೆ, ಸೌಮ್ಯ ಬಲಮೂಲೆಗೆ ಬೊಟ್ಟಿಟ್ಟಿದ್ದಾಳಲ್ಲ, ಆ ಡಬ್ಬಿಯ ವಿಳಾಸ.

ಅದು ನನ್ನ ಮನೆ.

ಸ್ವರೂಪನೂ ಅದನ್ನೇ ನೋಡುತ್ತಿದ್ದ. ಸೌಮ್ಯ ಮನೆಯಿಂದ ಕೆಲಸ ಮಾಡಲು ಅನುಮತಿ ಕೇಳಿದಾಗ ಈ ಅಂಕಿಗಳನ್ನು ಕ್ಲೌಡಿಗೆ ಸೇರಿಸಿದವನು ಅವನೇ ತಾನೇ. ಬೆಳಿಗ್ಗೆಯಿಂದ ಅವನಿಗೆ ಎಲ್ಲವೂ ಗೊತ್ತಿತ್ತು. ಒಂದು ಮಾತು ಆಡಿದ್ದರೆ ತಪ್ಪಿಸಿಕೊಳ್ಳಬಹುದಿತ್ತು, ಆಡಿರಲಿಲ್ಲ.

“ಏನೋ ಕಾರಣ ಇರತ್ತೆ ಸಾರ್,” ಎಂದ, ತಲೆ ಎತ್ತದೆ. “ಅವ್ರು ಅಂಥೋರಲ್ಲ.”

ಬೆಳಿಗ್ಗೆ ಬಾಗಿಲಲ್ಲಿ ನಿಂತು ಅವಳು ಇವನ ಬಗ್ಗೆ ಹೇಳಿದ್ದೂ ಅದೇ ಮಾತು. ಇಬ್ಬರೂ ಒಬ್ಬರಿಗೊಬ್ಬರು ಅಂಥವರಲ್ಲ. ನಡುವೆ ನಾನು ಎಂಥವನು?

ಸೈರನ್ ಕೂಗಿತು.

ಅಂಬುಜಮ್ಮನವರು ಕೂಗು ನಿಲ್ಲುವ ಮುಂಚೆಯೇ ಒಳಗೆ ಬಂದರು. ಅರವತ್ತು ದಾಟಿದ ಹೆಂಗಸು, ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿದ್ದರು, ಕೈಯಲ್ಲಿ ಫೋನು. ತಾವೇ ಮನೆಯಂಗಳದಲ್ಲಿ ಬತ್ತಿ ಹೊಸೆದು ಕಂಪನಿ ಕಟ್ಟಿದವರು. ಈ ಪರಿಮಳ ದೀಪಾವಳಿಗೆ ಬೇರೆಯವರ ಪ್ಯಾಕೆಟ್ಟಿನಲ್ಲಿ ಅಂಗಡಿಗೆ ಬಂದರೆ ಬತ್ತಿ ಹೊಸೆಯುವ ತಮ್ಮ ಹೆಣ್ಣುಮಕ್ಕಳ ಕೈಗೆ ಕೆಲಸವಿರುವುದಿಲ್ಲ ಎಂದು ಬೆಳಿಗ್ಗೆ ನನ್ನ ಮುಂದೆ ಕಣ್ಣೀರು ಹಾಕಿದ್ದರು. ಈಗ ಕಣ್ಣು ಒಣಗಿತ್ತು.

“ಏನಪ್ಪ ವಿಜಯ್‌ಕುಮಾರು,” ಎಂದರು, “ಗೊತ್ತಾಯ್ತಾ ಯಾರೂಂತ?”

ನಾನು ಮೆಲ್ಲಗೆ ಪರದೆಗೆ ಅಡ್ಡವಾಗಿ ನಿಂತೆ. ಏಕೆ ಹಾಗೆ ನಿಂತೆನೋ, ಕಾಲು ತಾನಾಗಿ ಹೋಗಿತ್ತು. ಬಾಯಿ ಬಿಟ್ಟರೆ ಹೆಂಡತಿ ಹೋಗುತ್ತಾಳೆ. ಬಿಡದಿದ್ದರೆ ಏನೂ ಮಾಡದವನು ಹೋಗುತ್ತಾನೆ. ಅತ್ತ ದರಿ, ಇತ್ತ ಪುಲಿ. ಗೊತ್ತಾಯಿತಮ್ಮ, ಆದರೆ, ಎಂದು ಏನೋ ಶುರು ಮಾಡಿದೆ.

ಸ್ವರೂಪ ಕುರ್ಚಿಯಿಂದ ಎದ್ದ.

“ನಾನೇ ಅಮ್ಮ,” ಎಂದ. “ನಾನೇ ತೆಗ್ದಿದ್ದು. ಸಾರ್ ಕಂಡುಹಿಡಿದ್ಬಿಟ್ರು.”

ಅಂಬುಜಮ್ಮನವರು ಅವನನ್ನು ನೋಡುತ್ತಲೇ ಇದ್ದರು. ಅವನು ಅವರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ದಯವಿಟ್ಟು ಎನ್ನುವ ನೋಟ. ಅವನು ಸುಳ್ಳು ಹೇಳುತ್ತಿದ್ದಾನೆಂದು ಸಾಬೀತು ಮಾಡಬಲ್ಲವನು ಆ ಕೋಣೆಯಲ್ಲಿ ನಾನೊಬ್ಬನೇ. ಗಡಿಯಾರದ ಗುಟ್ಟು ನನ್ನ ಕೈಯಲ್ಲಿತ್ತು, ಏರ್‌ಪೋರ್ಟಿನ ಫೋಟೋ ನಾನು ನೋಡಿದ್ದೆ, ವಿಳಾಸ ನನ್ನ ಬೆನ್ನ ಹಿಂದಿತ್ತು.

ನನ್ನ ಹೆಂಡತಿಗಾಗಿ ಜೈಲಿಗೆ ಹೋಗಲು ನನಗಿಂತ ಮುಂಚೆ ಇನ್ನೊಬ್ಬ ಎದ್ದು ನಿಂತಿದ್ದ. ನಾನು ಇನ್ನೂ ‘ಆದರೆ’ಯಲ್ಲೇ ಇದ್ದೆ.

“ನಿಜಾನೇನಪ್ಪ?” ಅಂಬುಜಮ್ಮನವರು ನನ್ನ ಕಡೆ ತಿರುಗಿದರು. “ಇವ್ನು ಹೇಳ್ತಿರೋದು ನಿಜಾನಾ?”

ಉಗುರಿನ ಸಂದಿಯಲ್ಲಿ ಸೌಮ್ಯಳ ಕುಂಕುಮ ಇನ್ನೂ ಇತ್ತು.

“ಹೌದಮ್ಮ,” ಎಂದೆ.

ಸೌಮ್ಯಳನ್ನು ಉಳಿಸಲು ಅಂದೆನೋ, ಅವನನ್ನು ಕಳಿಸಲು ಅಂದೆನೋ, ಈಗ ಕೇಳಿದರೂ ಹೇಳಲಾರೆ. ಸ್ವರೂಪ ನಿಟ್ಟುಸಿರು ಬಿಟ್ಟು, ಥ್ಯಾಂಕ್ಸ್ ಸಾರ್ ಎಂಬಂತೆ ಸಣ್ಣಗೆ ತಲೆ ಆಡಿಸಿದ. ಅದನ್ನು ಮಾತ್ರ ನಾನು ಸಹಿಸಲಾರದೆ ಮುಖ ತಿರುಗಿಸಿದೆ.

ಆಗ ಜೇಬಿನಲ್ಲಿ ನನ್ನ ಫೋನು ನಡುಗಿತು. ಸೌಮ್ಯಳ ಮೆಸೇಜು.

‘ರೀ, ಇಷ್ಟು ಹೊತ್ತಿಗೆ ನಿಮಗೆ ಎಲ್ಲಾ ಗೊತ್ತಾಗಿರತ್ತೆ. ನನ್ನ ಬಾಯಿಂದ ಹೇಳೋಕೆ ಆಗಲಿಲ್ಲ, ಅದಕ್ಕೇ ನಿಮ್ಮನ್ನ ಕಳಿಸಿದೆ. ನೀವು ಸುಳ್ಳು ಹೇಳಲ್ಲ ಅಂತ ನಂಗೆ ಗೊತ್ತು. ಯಾಕೆ ತೆಗೆದೆ ಅಂತ ಮನೆಗೆ ಬಂದ ಮೇಲೆ ಹೇಳ್ತೀನಿ. ಅಮ್ಮೋರ ಹತ್ರ ನಿಜಾನೇ ಹೇಳಿ. ಸ್ವರೂಪ್‌ಗೆ ಮಾತ್ರ ಏನೂ ಆಗಬಾರದು.’

ಓದಿ ಮುಗಿಸಿ ತಲೆ ಎತ್ತಿದರೆ ಅಂಬುಜಮ್ಮನವರು ಕಿಟಕಿಯ ಬಳಿ ನಿಂತಿದ್ದರು. ಫೋನು ಕಿವಿಯಲ್ಲಿತ್ತು. “ನಮಸ್ಕಾರ ಇನ್‌ಸ್ಪೆಕ್ಟ್ರೇ,” ಎನ್ನುತ್ತಿದ್ದರು, “ಕಳ್ಳ ಒಪ್ಕೊಂಡವ್ನೆ. ನಮ್ ಪತ್ತೇದಾರ್ರೂ ಹೌದು ಅಂದವ್ರೆ.”